ನಿಮಗಿದು ಗೊತ್ತೇ? ಒಂದು ಬಟನ್ನಿನ ಒಳಗುಟ್ಟುಗಳು

ಬಟನ್, ಟೆಕ್ಸ್ಟ್ ಬಾಕ್ಸ್, ಕ್ಯಾಲೆಂಡರ್, ಗ್ರಿಡ್. ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುವವರು ಇವನ್ನು ಪ್ರತಿ ಸಲವೂ ಹೊಸದಾಗಿ ಬರೆಯುವುದಿಲ್ಲ. ಯಾರೋ ಬರೆದಿಟ್ಟ ಕಾಂಪೊನೆಂಟನ್ನು ಎಳೆದು ತಂದು ಫಾರ್ಮ್ ಮೇಲೆ ಇಟ್ಟರೆ ಕೆಲಸ ಮುಗಿಯಿತು. ಆ ‘ಯಾರೋ’ ನೀವೇ ಆಗಲು ಹೊರಟಾಗ ಮಾತ್ರ ಕಥೆ ಬೇರೆಯಾಗುತ್ತದೆ. ಏಕೆಂದರೆ ಆಗ ನಿಮ್ಮ ಗ್ರಾಹಕ ಇನ್ನೊಬ್ಬ ಪ್ರೋಗ್ರಾಮರ್. ಆತ ಹೇಗೆಲ್ಲ ಬಳಸುತ್ತಾನೋ ದೇವರೇ ಬಲ್ಲ!

ಈ ಯೋಚನೆ ಮೈಕ್ರೋಸಾಫ್ಟ್ ಕಂಪನಿಗಿಂತ ಹಳೆಯದು, ಗೊತ್ತೇ? 1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೋ ಆಶ್ರಯದ ಸಮ್ಮೇಳನ ನಡೆಯಿತು. ಸಾಫ್ಟ್‌ವೇರ್ ಬಿಡಿಭಾಗಗಳನ್ನೂ ಕ್ಯಾಟಲಾಗ್ ನೋಡಿ ಆರಿಸಿಕೊಳ್ಳುವಂತಾಗಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್‌ರಾಯ್ ಅಲ್ಲಿ ವಾದಿಸಿದರು. ಉದಾಹರಣೆಗೆ ಅವರು ಎತ್ತಿಕೊಂಡದ್ದು ಹೈಸ್ಕೂಲಿನ ತ್ರಿಕೋನಮಿತಿಯಲ್ಲಿ ಬರುವ ‘ಸೈನ್’ ಬೆಲೆ ಲೆಕ್ಕಹಾಕುವ ಪುಟ್ಟ ಕೋಡ್. ಯುನಿಕ್ಸ್‌ನ ‘ಪೈಪ್’ ಕೂಡ ಇದೇ ಮಹಾಶಯರ ತಲೆಯಲ್ಲಿ ಹುಟ್ಟಿದ್ದು.

ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ಸಾಧನ ವಿಷುಯಲ್ ಬೇಸಿಕ್ 1991ರ ಮೇ 20ರಂದು ಹೊರಬಂತು. ಅದರ ಮೂಲ ನಮೂನೆಯನ್ನು ಮೈಕ್ರೋಸಾಫ್ಟ್‌ಗೆ ಮಾರಿದವರು ಅಲನ್ ಕೂಪರ್. ತಮ್ಮ ಬಟನ್, ಪೆಟ್ಟಿಗೆಗಳನ್ನು ಅವರು ಕರೆಯುತ್ತಿದ್ದದ್ದು ‘ಗಿಜ್ಮೊ’ ಎಂದು. ಬೇರೆಯವರು ಬರೆದ ಗಿಜ್ಮೊಗಳನ್ನೂ ಸೇರಿಸಿಕೊಳ್ಳುವ ಸೌಕರ್ಯವೇ ಮುಂದೆ ‘ವಿಬಿಎಕ್ಸ್’ ಎಂಬ ದೊಡ್ಡ ಮಾರುಕಟ್ಟೆಯಾಯಿತು. ತಮಾಷೆ ಏನೆಂದರೆ, ವಿಷುಯಲ್ ಬೇಸಿಕ್‌ಗೆ ಬೇಕಾದ ವಿಬಿಎಕ್ಸನ್ನು ವಿಷುಯಲ್ ಬೇಸಿಕ್‌ನಲ್ಲೇ ಬರೆಯಲು ಆಗುತ್ತಿರಲಿಲ್ಲ. ಅದಕ್ಕೆ ಸಿ ಭಾಷೆ ಕಲಿಯಬೇಕಿತ್ತು. ಬೇಸಿಕ್‌ನಲ್ಲೇ ಕಂಟ್ರೋಲ್ ಬರೆಯುವ ಭಾಗ್ಯ ಬಂದದ್ದು 1997ರ ಐದನೇ ಆವೃತ್ತಿಯಲ್ಲಿ.

ಆ ಗೋಡೆಯನ್ನು ಅದಕ್ಕೂ ಮೊದಲೇ ಕೆಡವಿದ್ದು ಬೋರ್ಲ್ಯಾಂಡ್ ಕಂಪನಿಯ ಡೆಲ್ಫಿ. 1995ರ ಫೆಬ್ರವರಿ 14ರಂದು ಬಿಡುಗಡೆಯಾದ ಇದರಲ್ಲಿ ಪ್ರೋಗ್ರಾಮಿಗೂ ಕಾಂಪೊನೆಂಟಿಗೂ ಒಂದೇ ಭಾಷೆ, ಆಬ್ಜೆಕ್ಟ್ ಪ್ಯಾಸ್ಕಲ್. ಡೆಲ್ಫಿಯ ಮುಖ್ಯ ಶಿಲ್ಪಿ ಆಂಡರ್ಸ್ ಹೆಜ್ಲ್ಸ್‌ಬರ್ಗ್ ಮರುವರ್ಷ ಮೈಕ್ರೋಸಾಫ್ಟ್ ಸೇರಿದರು. ಸಿ ಶಾರ್ಪ್, ಟೈಪ್‌ಸ್ಕ್ರಿಪ್ಟ್ ಎರಡರ ಹಿಂದೆಯೂ ಅವರೇ ಇದ್ದಾರೆ. ಕಾಂಪೊನೆಂಟ್ ಬರವಣಿಗೆ ಕಲಿಯಲು ನನ್ನ ಮಟ್ಟಿಗೆ ಇಂದಿಗೂ ಡೆಲ್ಫಿಯ ದಾರಿಯೇ ಸಲೀಸು: ಇರುವ ಬಟನ್ನಿನಿಂದ ಒಂದು ಮರಿ ಹುಟ್ಟಿಸಿ, ಬೇಕಾದ್ದನ್ನಷ್ಟೇ ಬದಲಿಸಿದರಾಯಿತು.

ನಿಮ್ಮ ಪ್ರೋಗ್ರಾಮ್ ಕಂಪೈಲ್ ಆಗುವ ಮೊದಲೇ ಕಾಂಪೊನೆಂಟ್ ಓಡತೊಡಗಿರುತ್ತದೆ ಎಂದರೆ ನಂಬುತ್ತೀರಾ? ಫಾರ್ಮ್ ಮೇಲೆ ಅದನ್ನು ಇಟ್ಟ ಕ್ಷಣವೇ ಅದನ್ನು ಹುಟ್ಟಿಸುವ ಕನ್‌ಸ್ಟ್ರಕ್ಟರ್, ಚಿತ್ರ ಬಿಡಿಸುವ ಕೋಡ್ ಎಲ್ಲವೂ ಡೆಲ್ಫಿಯ ಹೊಟ್ಟೆಯೊಳಗೇ ನಡೆಯುತ್ತವೆ. ಸೆಕೆಂಡಿಗೊಮ್ಮೆ ಡೇಟಾಬೇಸಿಗೆ ಹೋಗಿಬರುವ ಕಾಂಪೊನೆಂಟ್ ಬರೆದಿರೋ, ಸುಮ್ಮನೆ ಫಾರ್ಮ್ ಜೋಡಿಸುತ್ತ ಕೂತವರ ಕಂಪ್ಯೂಟರಿನಲ್ಲೂ ಅದು ಹೋಗಿಬರುತ್ತಲೇ ಇರುತ್ತದೆ. ಕೋಡ್ ಕೆಟ್ಟದಾಗಿದ್ದರೆ ಡೆಲ್ಫಿಯೇ ಕುಸಿದು ಬೀಳುತ್ತದೆ, ಸೇವ್ ಮಾಡದೆ ಬಿಟ್ಟ ಕೆಲಸದ ಸಮೇತ. ಇದಕ್ಕೆಂದೇ ‘ಸಿಎಸ್‌ಡಿಸೈನಿಂಗ್’ ಎಂಬ ಗುರುತಿದೆ. ಈಗ ವಿನ್ಯಾಸ ನಡೆಯುತ್ತಿದೆಯೋ, ಪ್ರೋಗ್ರಾಮ್ ಓಡುತ್ತಿದೆಯೋ ಎಂದು ಅದನ್ನು ನೋಡಿ ತಿಳಿದುಕೊಂಡು ತೆಪ್ಪಗಿರುವ ಕಾಂಪೊನೆಂಟೇ ಒಳ್ಳೆಯ ಕಾಂಪೊನೆಂಟ್.

ಈಗ ಹೊಸಬರು ಎಡವುವ ಕಲ್ಲು. ಕಾಂಪೊನೆಂಟಿನ ಪ್ರಾಪರ್ಟಿ (ಗುಣ) ಬರೆಯುವಾಗ ಕೊನೆಯಲ್ಲಿ ‘ಡಿಫಾಲ್ಟ್ 10’ ಎಂದು ಹಾಕಿದರೆ ಅದರ ಬೆಲೆ 10 ಆಗುತ್ತದೆ ಎಂದುಕೊಂಡಿರಾ? ಇಲ್ಲ! ಅದು ಫಾರ್ಮ್ ಉಳಿಸುವ ವ್ಯವಸ್ಥೆಗೆ ಹೇಳುವ ಮಾತು ಅಷ್ಟೇ: ‘ಬೆಲೆ 10 ಇದ್ದರೆ ಫೈಲಿನಲ್ಲಿ ಬರೆಯಬೇಡ’ ಎಂದು. ನಿಜವಾಗಿ 10 ತುಂಬಬೇಕಾದ್ದು ಕನ್‌ಸ್ಟ್ರಕ್ಟರ್. ಅಲ್ಲಿ ತುಂಬದೆ ಬಿಟ್ಟರೆ ಬಳಸುವವರು 10 ಎಂದು ಟೈಪ್ ಮಾಡುತ್ತಾರೆ, ಸೇವ್ ಮಾಡುತ್ತಾರೆ, ಮರುದಿನ ಫಾರ್ಮ್ ತೆರೆದರೆ ಸೊನ್ನೆ ಕೂತಿರುತ್ತದೆ. 11 ಕೊಟ್ಟರೆ ಉಳಿಯುತ್ತದೆ, 9 ಕೊಟ್ಟರೂ ಉಳಿಯುತ್ತದೆ, 10 ಮಾತ್ರ ಮಾಯ. ಭೂತಚೇಷ್ಟೆ ಎನ್ನಿಸಿದರೆ ಆಶ್ಚರ್ಯವಿಲ್ಲ.

ಲೇಬಲ್‌ಗೆ ‘ಫೋಕಸ್’ (ಕೀಬೋರ್ಡ್ ಒತ್ತುಗಳನ್ನು ಪಡೆಯುವ ಸರದಿ) ಸಿಗುವುದಿಲ್ಲ, ಏಕೆ? ಡೆಲ್ಫಿಯ ಟಿ-ಲೇಬಲ್‌ಗೆ ವಿಂಡೋಸ್ ಕೊಡುವ ‘ಹ್ಯಾಂಡಲ್’ ಎಂಬ ಗುರುತುಸಂಖ್ಯೆಯೇ ಇಲ್ಲ. ಅದನ್ನು ಹೊತ್ತ ಫಾರ್ಮ್ ತನ್ನ ಮೈಮೇಲೆ ಅದಕ್ಕೆ ಬರೆಯಲು ಜಾಗ ಬಿಟ್ಟುಕೊಡುತ್ತದೆ ಅಷ್ಟೇ. ವಿಂಡೋಸ್ 3.1ರ ಕಾಲದಲ್ಲಿ ಹ್ಯಾಂಡಲ್‌ಗಳಿಗಿದ್ದ ಜಾಗ ಬಹಳ ಇಕ್ಕಟ್ಟು, ಹಾಗಾಗಿ ಈ ಜಿಪುಣತನ. ನಿಮ್ಮ ಕಾಂಪೊನೆಂಟ್ ಬರೀ ತೋರಿಸುವಂಥದೋ, ಕೀಬೋರ್ಡ್ ಮಾತು ಕೇಳುವಂಥದೋ ಎಂದು ಮೊದಲ ಸಾಲಿಗೂ ಮುಂಚೆ ತೀರ್ಮಾನಿಸಬೇಕು; ತಾಯಿ ಕ್ಲಾಸ್ ಯಾವುದೆಂಬುದು ಅದರ ಮೇಲೆ ನಿಂತಿದೆ.

ಮೈಕ್ರೋಸಾಫ್ಟ್‌ನ ‘ಕಾಮ್’ ವ್ಯವಸ್ಥೆಯಲ್ಲಿ ಎಂಥ ದೈತ್ಯ ಕಾಂಪೊನೆಂಟಿಗೂ ಕಡ್ಡಾಯವಾದ ಕೆಲಸಗಳು ಮೂರೇ: ‘ನಿನಗೆ ಇದು ಬರುತ್ತದೆಯೇ’ ಎಂದರೆ ಉತ್ತರಿಸುವುದು, ಬಳಸುವವರ ಲೆಕ್ಕಕ್ಕೆ ಒಂದು ಕೂಡುವುದು, ಒಂದು ಕಳೆಯುವುದು. ಲೆಕ್ಕ ಸೊನ್ನೆಯಾದಾಗ ಅದು ತಾನೇ ಜಾಗ ಖಾಲಿ ಮಾಡುತ್ತದೆ.

ನಾರ್ವೆಯ ‘ಕ್ಯೂಟಿ’ ಎಂಬ ಕಾಂಪೊನೆಂಟ್ ಸಂಗ್ರಹ ಮೊದಲ ಬಾರಿ ಸಾರ್ವಜನಿಕರಿಗೆ ಸಿಕ್ಕದ್ದು 1995ರಲ್ಲಿ, ಅದೂ ವಿಷುಯಲ್ ಬೇಸಿಕ್‌ನ ಹಾಗೆ ಮೇ 20ರಂದೇ! ಅದರ ಹೆಸರಿನಲ್ಲಿ ಕ್ಯೂ ಅಕ್ಷರ ಸೇರಿದ್ದು ಇಬ್ಬರು ಜನಕರಲ್ಲಿ ಒಬ್ಬರಾದ ಹಾವರ್ಡ್ ನಾರ್ಡ್ ಅವರ ಎಡಿಟರಿನ ಫಾಂಟಿನಲ್ಲಿ ಆ ಅಕ್ಷರ ಚೆನ್ನಾಗಿ ಕಾಣುತ್ತಿತ್ತು ಎಂಬ ಒಂದೇ ಕಾರಣಕ್ಕೆ. ಅದರ ನಿಜವಾದ ಕೊಡುಗೆ ‘ಸಿಗ್ನಲ್–ಸ್ಲಾಟ್’. ‘ನನ್ನನ್ನು ಒತ್ತಿದರು’ ಎಂದು ಬಟನ್ ಕೂಗುತ್ತದೆ. ಕೇಳಿಸಿಕೊಂಡವರು ಯಾರು, ಯಾರಾದರೂ ಕೇಳಿಸಿಕೊಂಡರೋ ಇಲ್ಲವೋ, ಅದಕ್ಕೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಇನ್ನು ಕನ್ನಡದ ಪಾಡು. ವಿಂಡೋಸ್‌ನಲ್ಲಿ ಕನ್ನಡಕ್ಕೆ ಹಳೆಯ ಮಾದರಿಯ ‘ಆನ್ಸಿ’ ಕೋಡ್‌ಪೇಜ್ ಎಂಬುದು ಇರಲೇ ಇಲ್ಲ. ಇದ್ದದ್ದು ಯೂನಿಕೋಡ್ ದಾರಿ ಒಂದೇ. ಡೆಲ್ಫಿಯ ಸಿದ್ಧ ಕಾಂಪೊನೆಂಟ್‌ಗಳು ಪೂರ್ತಿ ಯೂನಿಕೋಡ್‌ಗೆ ಬಂದದ್ದು ‘ಡೆಲ್ಫಿ 2009’ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಟೆಕ್ಸ್ಟ್ ಬಾಕ್ಸಿಗೆ ನುಡಿ, ಬರಹದಂಥ ಫಾಂಟ್ ತೊಡಿಸಿ, ಇಂಗ್ಲಿಷ್ ಕೋಡುಗಳ ಮೇಲೆ ಕನ್ನಡದ ರೂಪ ಕೂರಿಸುವ ಉಪಾಯವೇ ಗತಿಯಾಗಿತ್ತು.

ಯೂನಿಕೋಡ್ ಬಂದ ಮೇಲಾದರೂ ಸುಖವೇ? ಐದು ಅಕ್ಷರದ ಮಿತಿ ಹಾಕಿದ ಪೆಟ್ಟಿಗೆಯಲ್ಲಿ ‘ಸ್ತ್ರೀ’ ಎಂದು ಟೈಪ್ ಮಾಡಿ ನೋಡಿ: ‘ಸ್ತ್ರ’ಕ್ಕೇ ನಿಂತುಬಿಡುತ್ತದೆ, ಈಕಾರಕ್ಕೆ ಜಾಗವಿಲ್ಲ. ಸ, ವಿರಾಮ, ತ, ವಿರಾಮ, ರ, ಈಕಾರ ಎಂದು ಅದು ಆರು ಎಣಿಸುತ್ತದೆ. ಅಕ್ಷರವನ್ನು ಅಕ್ಷರವೆಂದೇ ಎಣಿಸುವ ಟೆಕ್ಸ್ಟ್ ಬಾಕ್ಸ್ ಬರೆಯುವುದು ಕಲಿಯುವವರಿಗೆ ಒಳ್ಳೆಯ ಮೊದಲ ಕಸರತ್ತು. ದುಡ್ಡು ಕೊಡದೆ ಸಿಗುವ, ಡೆಲ್ಫಿಯಂಥದೇ ಸಾಧನವಾದ ಲಾಜರಸ್‌ನಲ್ಲೂ ಮಾಡಬಹುದು. ಅದರ ಪ್ಯಾಕೇಜ್ ಮೆನುವಿನಲ್ಲಿ ಹೊಸ ಕಾಂಪೊನೆಂಟಿಗೆಂದೇ ಜಾಗವಿದೆ. ಒಂದು ಎಚ್ಚರಿಕೆ: ಲಾಜರಸ್ ಉದ್ದ ಅಳೆಯುವುದು ಬೈಟ್‌ಗಳಲ್ಲಿ. ಹಾಗಾಗಿ ನಮ್ಮ ಕಣ್ಣಿಗೆ ಒಂದೇ ಆದ ‘ಸ್ತ್ರೀ’ ಡೆಲ್ಫಿಯ ಲೆಕ್ಕದಲ್ಲಿ 6, ಲಾಜರಸ್ ಲೆಕ್ಕದಲ್ಲಿ 18.