ಜಲಾಶಯದ ಹೂಳು ಎಲ್ಲಿ ಕೂರುತ್ತದೆ?

ಮುಂಗಾರಿನ ಮೊದಲ ಬಿರುಮಳೆ ಬಂದುಹೋದ ಮೇಲೆ ನಿಮ್ಮೂರ ಹಳ್ಳದ ನೀರನ್ನು ಒಂದು ಗಾಜಿನ ಲೋಟದಲ್ಲಿ ತುಂಬಿ ಅಲುಗಾಡದಂತೆ ಇಡಿ. ಮರಳು ನೀವು ನೋಡುತ್ತಿರುವಾಗಲೇ ತಳ ಸೇರುತ್ತದೆ. ನುಣುಪಾದ ರೇವೆ ಮಣ್ಣು ಇಳಿಯಲು ಕೆಲವು ಗಂಟೆ ಬೇಕು. ಜೇಡಿಯ ಕಣಗಳಂತೂ ಮಾರನೆಯ ಬೆಳಿಗ್ಗೆಯೂ ನೀರನ್ನು ಕದಡಿಯೇ ಇಟ್ಟಿರುತ್ತವೆ. ನದಿ ಸಮುದ್ರ ಸೇರುವಲ್ಲಿಯೂ ಜಲಾಶಯದಲ್ಲಿಯೂ ನಡೆಯುವುದು ಇದೇ ಕ್ರಿಯೆ.

ನೀರಿಗೆ ಮಣ್ಣು ಹೊರುವ ಶಕ್ತಿ ಬರುವುದು ಅದರ ವೇಗದಿಂದ. ವೇಗ ಕುಂದಿದಂತೆ ಅದು ಭಾರವಾದುದನ್ನು ಮೊದಲು, ಹಗುರವಾದುದನ್ನು ಕೊನೆಗೆ ಇಳಿಸುತ್ತದೆ. ಕೃಷ್ಣಾ ನದಿ ಬಂಗಾಳ ಕೊಲ್ಲಿಯನ್ನು ಸೇರುವೆಡೆ ಸಾವಿರಾರು ವರ್ಷ ಹೀಗೆ ಮಣ್ಣಿಳಿಸಿ ಕಟ್ಟಿದ ನೆಲವೇ ವಿಜಯವಾಡದ ಕೆಳಗಿನ, ಭತ್ತಕ್ಕೆ ಹೆಸರಾದ ಮುಖಜ ಭೂಮಿ. ಅದರಲ್ಲಿ ನಮ್ಮ ಮಲೆನಾಡಿನ, ಬಯಲುಸೀಮೆಯ ಮಣ್ಣೂ ತುಂಗಭದ್ರೆಯ ಮೂಲಕ ಹೋಗಿ ಸೇರಿದೆ.

1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟೆ ಪೂರ್ಣಗೊಂಡ ಮೇಲೆ ತುಂಗಭದ್ರೆಗೆ ದಾರಿಯಲ್ಲಿಯೇ ಒಂದು ಸಮುದ್ರ ಸಿಕ್ಕಂತಾಯಿತು. ಹೊತ್ತು ತಂದ ಮಣ್ಣಿನ ಬಹುಪಾಲನ್ನು ಅದು ಈಗ ಇಲ್ಲಿಯೇ ಇಳಿಸುತ್ತಿದೆ. ಇತ್ತ ಜಲಾಶಯ ತುಂಬುತ್ತದೆ. ಅತ್ತ ಹೊಸ ಮಣ್ಣು ಸಾಕಷ್ಟು ಬಾರದ ಮುಖಜ ಭೂಮಿಯ ಅಂಚನ್ನು ಕಡಲು ಕೊರೆಯುತ್ತದೆ.

ಹೂಳೆಲ್ಲ ಕಟ್ಟೆಯ ಬುಡದಲ್ಲಿ, ತೂಬಿನ ಮಟ್ಟಕ್ಕಿಂತ ಕೆಳಗೆ ಕೂರುತ್ತದೆ, ಆ ನೀರು ಹೇಗೂ ಕಾಲುವೆಗೆ ಬರುವುದಿಲ್ಲವಾದ್ದರಿಂದ ಚಿಂತೆಯಿಲ್ಲ ಎಂದು ಅನೇಕ ರೈತರು ನಂಬಿದ್ದಾರೆ. ಇದು ತಪ್ಪು ತಿಳಿವಳಿಕೆ. ಬುಡದವರೆಗೆ ಹೋಗುವುದು ಬಹುಮಟ್ಟಿಗೆ ನುಣ್ಣನೆಯ ಜೇಡಿ ಮಾತ್ರ. ಮರಳು, ದಪ್ಪ ರೇವೆ ಇವು ನದಿ ನಿಂತ ನೀರನ್ನು ಮುಟ್ಟುವಲ್ಲಿ, ಅಂದರೆ ಹಿನ್ನೀರಿನ ತುದಿಯಲ್ಲಿಯೇ ಇಳಿದು ಒಂದು ಚಿಕ್ಕ ಮುಖಜ ಭೂಮಿಯನ್ನು ಕಟ್ಟುತ್ತವೆ. ಅದು ವರ್ಷದಿಂದ ವರ್ಷಕ್ಕೆ ಕಟ್ಟೆಯ ಕಡೆಗೆ ಮುಂದೊತ್ತುತ್ತದೆ. ಅದು ಆಕ್ರಮಿಸುವ ಜಾಗ ತೂಬಿಗಿಂತ ಮೇಲಿನದು, ನಿಮ್ಮ ಕಾಲುವೆಗೆ ಬರಬೇಕಾದ ನೀರಿನದು.

ಪ್ರಾರಂಭದಲ್ಲಿ ಈ ಜಲಾಶಯದ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇತ್ತು. 2008ರ ಅಳತೆಯಲ್ಲಿ ಅದು ಸುಮಾರು 101ಕ್ಕೆ ಇಳಿದಿತ್ತು. 2016ರ ಅಳತೆಯಲ್ಲಿ ಸುಮಾರು 106 ಎಂದು ಬಂತು. ನಡುವೆ ಹೂಳೇನೂ ಕರಗಿ ಹೋಗಲಿಲ್ಲ. ನೀರಿನಡಿಯ ನೆಲವನ್ನು ಅಳೆಯುವಾಗ ಇಂಥ ಹೆಚ್ಚುಕಡಿಮೆ ಬರುವುದುಂಟು. ಕಡಿಮೆ ನಷ್ಟದ ಲೆಕ್ಕವನ್ನೇ ಹಿಡಿದರೂ 27 ಟಿ.ಎಂ.ಸಿ.ಯ ಜಾಗ ಹೋಗಿದೆ. 2024ರ ಆಗಸ್ಟ್‌ನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ನಾಡೆಲ್ಲ ಗಾಬರಿಗೊಂಡಿತು, ಅದು ಸಹಜವೇ. ಆದರೆ ಆಗ ಹರಿದುಹೋದ ನೀರು ಮತ್ತೆ ಮಳೆಯಿಂದ ಬಂದೀತು, ಹೂಳು ಹಿಡಿದ ಜಾಗ ಹಾಗೆ ತಿರುಗಿ ಬಾರದು. ಎರಡನೆಯ ಬೆಳೆಗೆ ನೀರಿಲ್ಲವೆಂದಾಗ ಮೊದಲು ಒಣಗುವುದು ಕಾಲುವೆಯ ಕೊನೆ ಭಾಗದ ಹೊಲ.

ಹೂಳನ್ನು ತೆಗೆಸಬಾರದೇಕೆ ಎಂದು ನೀವು ಕೇಳುತ್ತೀರಿ. ಲೆಕ್ಕ ಹಾಕೋಣ. ಒಂದು ಟಿ.ಎಂ.ಸಿ. ಎಂದರೆ ಸುಮಾರು 2.83 ಕೋಟಿ ಘನ ಮೀಟರು. 27 ಟಿ.ಎಂ.ಸಿ.ಗೆ 76 ಕೋಟಿ. ಲಾರಿಯೊಂದಕ್ಕೆ 10 ಘನ ಮೀಟರು ತುಂಬಿದರೂ 7.6 ಕೋಟಿ ಲೋಡು. 1953ರಿಂದ 2016ರವರೆಗಿನ ಸರಾಸರಿಯಂತೆ ವರ್ಷಕ್ಕೆ 12 ಲಕ್ಷ ಲೋಡು ಹೊಸ ಹೂಳು ಸೇರುತ್ತದೆ. ದಿನವೂ 3,300 ಲಾರಿ ಓಡಿದರೆ ಅದು ಈಗಿರುವಷ್ಟಕ್ಕೆ ನಿಂತೀತು. ಆ ಮಣ್ಣನ್ನು ಸುರಿಯಲು ಜಾಗವೆಲ್ಲಿ? ಈಗಿರುವ ಹೂಳನ್ನು ಮೀಟರು ದಪ್ಪಕ್ಕೆ ಹರಡಿದರೆ 1.8 ಲಕ್ಷ ಎಕರೆಗೂ ಹೆಚ್ಚು ನೆಲ ಬೇಕು.

ಆದ್ದರಿಂದ ಮಣ್ಣನ್ನು ಹೊರಟಲ್ಲಿಯೇ ತಡೆಯಬೇಕು. ಹೊಲದ ಮೇಲ್ಮೈಯಿಂದ ಬರಿಯ ಒಂದು ಮಿಲಿಮೀಟರು ಮಣ್ಣು ಕೊಚ್ಚಿಹೋದರೆ ಎಕರೆಗೆ ಸುಮಾರು 5 ಟನ್ನು ನಷ್ಟ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಹೋಗುವುದು ಸಾರವುಳ್ಳ ಜೇಡಿ ಮತ್ತು ಸಾವಯವ ಅಂಶ, ಉಳಿಯುವುದು ಗರಸು. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮತ್ತು ಬಿತ್ತನೆ ಮಾಡಿ. ಬದುವಿನ ಮೇಲೆ ಲಾವಂಚ ಅಥವಾ ಮೇವಿನ ಹುಲ್ಲು ಹಚ್ಚಿ, ಹೆಚ್ಚಾದ ನೀರು ಇಳಿದುಹೋಗುವ ಕೋಡಿಯನ್ನು ಕಲ್ಲಿನಿಂದ ಭದ್ರಪಡಿಸಿ. ಕೋಡಿಯಿಲ್ಲದ ಬದು ಒಡೆದು ಕೊರಕಲಾಗುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಅದಕ್ಕಿಂತ ಬದು ಹಾಕದಿರುವುದೇ ಲೇಸು.

ಇಲ್ಲೊಂದು ತೊಡಕಿದೆ. ಮಣ್ಣು ಹೋಗುವುದು ಹಾವೇರಿ, ದಾವಣಗೆರೆ ಕಡೆಯ ಒಣಬೇಸಾಯದವನ ಹೊಲದಿಂದ, ನೀರು ಕಡಿಮೆಯಾಗುವುದು ಸಿಂಧನೂರು, ಮಾನ್ವಿಯವನಿಗೆ. ಬದುವಿನ ಖರ್ಚನ್ನೆಲ್ಲ ಮೇಲಿನವನೊಬ್ಬನೇ ಹೊರಲಿ ಎನ್ನುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ದೊಡ್ಡ ಜಲಾಶಯದ ಹೂಳು ನಮ್ಮ ಕೈಗೆ ಮೀರಿದ್ದು, ಊರ ಕೆರೆಯದು ಹಾಗಲ್ಲ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅದರ ಗೋಡನ್ನು ಮರಳು ಮಿಶ್ರಿತ ಕೆಂಪು ಹೊಲಕ್ಕೆ ಹೊಡೆದರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ಕಪ್ಪು ಎರೆ ಹೊಲಕ್ಕೆ ಜೇಡಿ ಗೋಡು ಹಾಕಬೇಡಿ. ಚೌಳಿನ ಅಂಶವಿದೆಯೇ ಎಂದು ಮಣ್ಣು ಪರೀಕ್ಷೆ ಮಾಡಿಸಿಯೇ ಗಾಡಿ ಹೂಡಿ. ರಾಶಿಗಳನ್ನು ಹಾಗೆಯೇ ಬಿಡದೆ, ಮೊದಲ ಮಳೆಗೆ ಮುಂಚೆ ಹರಡಿ ಮಣ್ಣಿನಲ್ಲಿ ಬೆರೆಸಿ.