ಕೆಂಪು ಕುಬ್ಜದ ಕಿರಿಯ ಸಂಸಾರ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಹದ ಮಾಡುವ ರೈತರಿಗೆ ಗೊತ್ತು: ಧಗಧಗ ಉರಿಯುವ ಸೌದೆ ಬೇಗ ಬೂದಿಯಾಗುತ್ತದೆ, ಮಂದವಾದ ಕೆಂಡ ಬಹಳ ಹೊತ್ತು ಬಾಳುತ್ತದೆ. ನಕ್ಷತ್ರಗಳಲ್ಲಿ ಇಂಥ ಕೆಂಡಗಳೇ ಕೆಂಪು ಕುಬ್ಜಗಳು. ಎಣಿಕೆಯಲ್ಲಿ ಇವೇ ಹೆಚ್ಚು, ಆದರೂ ಎಚ್.ಡಿ. ಕೋಟೆಯ ಕಾಡಂಚಿನ ಕಗ್ಗತ್ತಲಲ್ಲೂ ಒಂದೂ ಬರಿಗಣ್ಣಿಗೆ ಕಾಣದು.

ನಕ್ಷತ್ರ ಹುಟ್ಟುವಾಗ ಸುತ್ತಲೂ ಅನಿಲ, ದೂಳಿನ ತಟ್ಟೆಯೊಂದು ಉಳಿಯುತ್ತದೆ. ದೂಳು ಅಂಟಿಕೊಂಡು ಹರಳಾಗಿ, ಹರಳುಗಳು ಗುಂಪುಗೂಡಿ ಬಂಡೆಗಳಾಗಿ, ಬಂಡೆಗಳು ಕೂಡಿ ಗ್ರಹಗಳಾಗುತ್ತವೆ. ಕುಬ್ಜದ ತಟ್ಟೆಯಲ್ಲಿ ಸಾಮಗ್ರಿ ಕಡಿಮೆ. ಆದ್ದರಿಂದ ಗುರುವಿನಂಥ ದೈತ್ಯರು ಅಪರೂಪ. ಭೂಮಿಯಂಥ ಪುಟ್ಟ ಗ್ರಹಗಳೇ ಹೆಚ್ಚು.

ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರ್ಯಾಪಿಸ್ಟ್–1 ಇದಕ್ಕೆ ನಿದರ್ಶನ. 2016ರಲ್ಲಿ ಪ್ರಕಟವಾದ ಇದರ ಮೊದಲ ಗ್ರಹಗಳ ಶೋಧಕ್ಕೆ, ಹೊಸಕೋಟೆಯಿಂದ ನಿಯಂತ್ರಿಸಲಾಗುವ ಲಡಾಖಿನ ಹಾನ್ಲೆ ದೂರದರ್ಶಕವೂ ನೆರವಾಗಿತ್ತು. 2017ರಲ್ಲಿ ಲೆಕ್ಕ ಏಳಕ್ಕೇರಿತು. ಏಳೂ ನಮ್ಮ ಬುಧನ ಕಕ್ಷೆಗಿಂತ ಕಿರಿದಾದ ಜಾಗದಲ್ಲಿ ಸುತ್ತುತ್ತವೆ. ತೀರ ಒಳಗಿನದಕ್ಕೆ ವರ್ಷವೆಂದರೆ ಒಂದೂವರೆ ದಿನ!

ಕೆಂಡದ ಬಿಸಿ ಬೇಕೆಂದರೆ ಹತ್ತಿರ ಕೂರಬೇಕು. ಕೂತರೆ ಕಿಡಿ ತಪ್ಪದು. ಈ ನಕ್ಷತ್ರಗಳು ಉಗುಳುವ ಜ್ವಾಲೆ ಗ್ರಹದ ಗಾಳಿಯನ್ನೇ ಕಿತ್ತೊಯ್ಯಬಲ್ಲದು. 2023ರಲ್ಲಿ ವೆಬ್ ದೂರದರ್ಶಕದ ಅಳತೆಗಳಿಗೆ ಆ ಒಳಗಿನ ಗ್ರಹದಲ್ಲಿ ದಟ್ಟ ವಾಯುಮಂಡಲದ ಸುಳಿವು ಸಿಗಲಿಲ್ಲ. ಜೀವಕ್ಕೆ ಎಡೆಯುಂಟೇ ಎಂಬ ಪ್ರಶ್ನೆಗೆ ಇನ್ನು ಹೊರಗಿನ ಗ್ರಹಗಳೇ ಉತ್ತರ ಹೇಳಬೇಕು.