ಚಿನ್ನದ ಗಣಿಗೆ ಬಂದ ಒಣಮೀನು

ಕೋಲಾರ ಚಿನ್ನದ ಗಣಿಯ ಊರು ಕೆ.ಜಿ.ಎಫ್‌ನ ಆಂಡರ್ಸನ್‌ಪೇಟೆಗೆ ಕಡಲು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಇಲ್ಲಿ ಯಾರದೋ ಮನೆಯಲ್ಲಿ ಕರುವಾಡಿನ, ಅಂದರೆ ಒಣಮೀನಿನ, ಸಾರು ಕುದಿಯತೊಡಗಿದರೆ ಅದರ ಘಮಲು ಬೀದಿಗೆಲ್ಲ ಹರಡುತ್ತದೆ. ಕಡಲ ಮೀನು ಈ ಬಂಡೆಗಳ ಸೀಮೆಗೆ ಒಗ್ಗಿದ್ದು ಉಪ್ಪಿನಿಂದ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ಕೂಲಿಕಾರರು ಸಂಸಾರ ಕಟ್ಟಿಕೊಂಡು ಬಂದರು. ಅವರ ಜೊತೆಗೆ ಅವರ ನಾಲಿಗೆಯ ರುಚಿಯೂ ಬಂತು. ಆಗ ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆ ಮದ್ರಾಸ್ ರೈಲುದಾರಿಯ ಮೇಲೇ ಇತ್ತು. ಅಲ್ಲಿಂದ ಗಣಿಯತ್ತ 1894ರಲ್ಲಿ ಕವಲುಹಳಿ ಬಿತ್ತು. ಹಳಿಯೇನೋ ಬಂತು, ಆದರೆ ಹಸಿ ಮೀನು ಅಷ್ಟು ದೂರದ ಬಿಸಿಲನ್ನು ತಾಳುವುದಿಲ್ಲ. ಕೂಲಿಕಾರರ ಸಾಲುಮನೆಗಳಾದ ಲೈನ್‌ಗಳ ಒಂಟಿಕೋಣೆಗಳಲ್ಲಿ ಕೂಲಿ ಬರುವ ದಿನದವರೆಗೆ ಕೆಡದೆ ಉಳಿಯುತ್ತಿದ್ದದ್ದು ಉಪ್ಪು ಹಾಕಿ ಒಣಗಿಸಿದ್ದೇ.

ಉಪ್ಪು ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ಸುಮ್ಮನೆ ಹೇಳಿಬಿಡುತ್ತೇವೆ. ಅದರ ಮುಖ್ಯ ಕೆಲಸ ಬೇರೆ. ಸೀಳಿ, ಕರುಳು ತೆಗೆದ ಮೀನಿಗೆ ಉಪ್ಪು ತುಂಬಿದಾಗ ಮಾಂಸದೊಳಗಿನ ನೀರು ಹೊರಗೆ ಬಸಿಯುತ್ತದೆ, ಉಪ್ಪು ಒಳಗೆ ಇಳಿಯುತ್ತದೆ. ಉಳಿದ ನೀರನ್ನೂ ಉಪ್ಪು ಹಿಡಿದಿಟ್ಟುಕೊಳ್ಳುವುದರಿಂದ ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಅದು ದಕ್ಕುವುದಿಲ್ಲ. ಅವುಗಳ ಜೀವಕೋಶದ ನೀರೂ ಹೊರಬಿದ್ದು ಅವು ಬೆಳೆಯಲಾರದೆ ನಿಲ್ಲುತ್ತವೆ. ನೂರು ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ಆ ಹದದ ಉಪ್ಪುನೀರಿನಲ್ಲಿ ಬದುಕುವ ಜೀವಿಗಳು ಬೆರಳೆಣಿಕೆಯವು. ನೆತ್ತಲಿಯಂಥ ಸಣ್ಣ ಮೀನಿಗೆ ಬಿಸಿಲೇ ಸಾಕಾಗಬಹುದು. ದಪ್ಪ ಮೀನಾದರೆ ಬಿಸಿಲು ಒಳಗೆ ತಟ್ಟುವ ಮೊದಲೇ ಕೊಳೆತ ಶುರುವಾಗುತ್ತದೆ. ಅಲ್ಲಿ ಉಪ್ಪು ಬೇಕೇ ಬೇಕು.

ಆ ಉಪ್ಪಿನ ಮೇಲೆ ಬ್ರಿಟಿಷ್ ಸರ್ಕಾರ ತೆರಿಗೆ ಹೇರಿತ್ತು. ಮೀನಿಗಿಂತ ಉಪ್ಪೇ ದುಬಾರಿಯಾದಾಗ ಬೆಸ್ತರು ಉಪ್ಪು ಕಡಿಮೆ ಹಾಕಿದರು, ಮೀನು ಕೊಳೆಯಿತು. 1873ರಲ್ಲಿ ಭಾರತದ ಕಡಲಮೀನುಗಳ ಬಗ್ಗೆ ವರದಿ ಬರೆದ ಫ್ರಾನ್ಸಿಸ್ ಡೇ ಈ ಸಂಕಟವನ್ನು ಎತ್ತಿ ತೋರಿಸಿದ. ಮುಂದೆ ಮದ್ರಾಸ್ ಪ್ರಾಂತ್ಯದ ಕರಾವಳಿಯುದ್ದಕ್ಕೂ ಸರ್ಕಾರಿ ಮೀನು ಹದಗೊಳಿಸುವ ಕಟ್ಟೆಗಳು ತೆರೆದವು. ಅವುಗಳ ಆವರಣದೊಳಗೆ ಮಾತ್ರ ತೆರಿಗೆಯಿಲ್ಲದ ಉಪ್ಪು. ಬಡವರ ಊಟಕ್ಕೆ ಉಪ್ಪನ್ನು ಬೇಲಿಯೊಳಗಿಟ್ಟು ಅಳೆದು ಕೊಟ್ಟದ್ದನ್ನು ನಾನು ಔದಾರ್ಯ ಎನ್ನಲಾರೆ. ಉಪ್ಪಿನ ತೆರಿಗೆ ರದ್ದಾದದ್ದು 1947ರಲ್ಲಿ.

ಇತ್ತ ಕೆ.ಜಿ.ಎಫ್‌ನ ಗಣಿಯೂ 2001ರ ಫೆಬ್ರವರಿ 28ರಂದು ಮುಚ್ಚಿತು. ಕೆಲಸಕ್ಕೆಂದು ಬೆಳಗ್ಗೆ ಬೆಂಗಳೂರಿನ ರೈಲು ಹತ್ತುವವರ ಮನೆಗಳಲ್ಲಿ ಕರುವಾಡಿನ ಸಾರು ಮಾತ್ರ ನಿಂತಿಲ್ಲ.

ಒಣಮೀನು ಕೊಳ್ಳುವಾಗ ಒಂದನ್ನು ನೋಡಿ. ಮೀನಿನ ಮೇಲೆ ಗುಲಾಬಿ ಬಣ್ಣದ ಪದರ ಕಂಡರೆ ಬಿಟ್ಟುಬಿಡಿ: ಅದು ಉಪ್ಪಿನಲ್ಲೇ ಬೆಳೆಯಬಲ್ಲ ಸೂಕ್ಷ್ಮಜೀವಿಯ ಕೆಲಸ, ಕಡಲುಪ್ಪಿನ ಜೊತೆಗೇ ಬರುತ್ತದೆ. ಮಳೆಗಾಲದಲ್ಲಿ ತೇವ ತಾಗದ ಡಬ್ಬಿಯಲ್ಲಿಡಿ. ಅಡುಗೆಗೆ ಮುಂಚೆ ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿ. ಅಧಿಕ ರಕ್ತದೊತ್ತಡ ಇರುವವರು ಇದನ್ನು ತಪ್ಪದೆ ಮಾಡಬೇಕು.